ಹನ್ನೊಂದು ಗಂಟೆಗೆ ಖಾಲಿ ಮಾಡಬೇಕಿಲ್ಲದ ಮನೆ

ಇಲ್ಲದ ಗೋಡೆಯನ್ನು ಸುತ್ತಿಕೊಂಡು ನಡೆಯುವವರನ್ನು ನೀವು ನೋಡಿರಲಿಕ್ಕಿಲ್ಲ. ಮಹಡಿಯಕ್ಕ ಹಾಗೆ ನಡೆಯುತ್ತಿದ್ದಳು. ಹಳೇ ಹೋಟೆಲಿನ ಮೂರನೇ ಮಹಡಿಯಲ್ಲಿ ಸಾಲಾಗಿದ್ದ ಮೂರು ರೂಮುಗಳ ನಡುಗೋಡೆ ಒಡೆದು ಒಂದೇ ದೊಡ್ಡ ಫ್ಲ್ಯಾಟು ಮಾಡಿದ್ದರು. ಅದರ ಹಾಲಿನಲ್ಲಿ ಬಕೆಟ್ಟು ಹಿಡಿದು ನೆಟ್ಟಗೆ ಬರುತ್ತಿದ್ದವಳು ನಟ್ಟನಡುವೆ ಥಟ್ಟನೆ ಎಡಕ್ಕೆ ಹೊರಳುವಳು, ನಾಲ್ಕು ಹೆಜ್ಜೆ ಹಾಕಿ ಮತ್ತೆ ಬಲಕ್ಕೆ ತಿರುಗುವಳು. ಅಲ್ಲಿ ಮೊದಲು ಬಾಗಿಲಿತ್ತು. ಗೋಡೆ ಹೋಗಿದೆ ಎಂದು ತಲೆಗೆ ಗೊತ್ತು, ಕಾಲಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಮೂವತ್ತೊಂದು ವರ್ಷ ಅದೇ ಮಹಡಿಯಲ್ಲಿ ಓಡಾಡಿದ ಕಾಲು.

ಮೂರನೇ ಮಹಡಿಯ ಅಕ್ಕ ಎಂದು ಶುರುವಾದದ್ದು ಸವೆದು ಸವೆದು ಮಹಡಿಯಕ್ಕ ಆಗಿತ್ತು. ಅಡುಗೆಯವರಿಂದ ಹಿಡಿದು ಲಿಫ್ಟಿನವನವರೆಗೆ ಎಲ್ಲರೂ ಹಾಗೇ ಕರೆದರು, ಕೊನೆಗೆ ಕಟ್ಟಿಕೊಂಡ ಗಂಡನೂ ಹಾಗೇ ಕರೆಯತೊಡಗಿದ.

ಹತ್ತೊಂಬತ್ತನೇ ವಯಸ್ಸಿಗೆ ಅವಳು ಆ ಹೋಟೆಲಿಗೆ ಸೇರಿದಾಗ ಕೆಲಸ ಕಲಿಸಿದವಳು ರೂಮುಗಳ ಮೇಲ್ವಿಚಾರಕಿ. ಎಲ್ಲರ ಬಾಯಲ್ಲೂ ಆಕೆ ದೊಡ್ಡಮ್ಮ. ಮಾತು ಕಡಿಮೆ, ಕಣ್ಣು ಜಾಸ್ತಿ. ಹೊಸ ಹುಡುಗಿಗೆ ಮೊದಲ ದಿನ ಪೊರಕೆ ಕೊಡಲೇ ಇಲ್ಲ. ಅತಿಥಿಯ ಕುರ್ಚಿಯಲ್ಲಿ ಕೂರಿಸಿದಳು, ಹಾಸಿಗೆಯ ಮೇಲೆ ಮಲಗಿಸಿದಳು, ಕೊನೆಗೆ ಒಣಗಿದ ಸ್ನಾನದ ತೊಟ್ಟಿಯೊಳಗೂ ಅಂಗಾತ ಮಲಗಿಸಿ, ಏನು ಕಾಣುತ್ತದೆ ಹೇಳು ಅಂದಳು. ಬೇಸಿನ್ನಿನ ಕೆಳಗೆ ಜೇಡರ ಬಲೆ ಕಾಣುತ್ತಿತ್ತು. ನಿಂತು ನೋಡಿದರೆ ಅದು ಯಾರ ಅಪ್ಪನಿಗೂ ಕಾಣುತ್ತಿರಲಿಲ್ಲ. ಕೆಲಸದವಳ ಕಣ್ಣಲ್ಲಿ ರೂಮು ನೋಡಬೇಡ, ಬಂದು ಮಲಗುವವನ ಕಣ್ಣಲ್ಲಿ ನೋಡು ಎಂದು ದೊಡ್ಡಮ್ಮ ಹೇಳಿದಳು. ಇನ್ನೊಂದು ಮಾತನ್ನೂ ಹೇಳಿದಳು: ಹಿಂದಿನವರು ಇಲ್ಲಿದ್ದರು ಅನ್ನೋದು ಮುಂದಿನವರಿಗೆ ಗೊತ್ತಾಗಬಾರದು.

ಆ ಮಾತನ್ನೇ ಅವಳು ಮೂವತ್ತೊಂದು ವರ್ಷ ಪಾಲಿಸಿದಳು. ಬೆಳಿಗ್ಗೆ ಹನ್ನೊಂದಕ್ಕೆ ರೂಮು ಖಾಲಿ ಮಾಡಬೇಕು, ಮಧ್ಯಾಹ್ನ ಎರಡಕ್ಕೆ ಮುಂದಿನವರು ಬರುತ್ತಾರೆ. ನಡುವಿನ ಮೂರು ತಾಸು ಅವಳದು. ಕನ್ನಡಿಯ ಮೇಲಿನ ಬೆರಳ ಗುರುತು, ಹಾಸಿಗೆಯಲ್ಲಿ ಬಿದ್ದ ಕುಳಿ, ಸಿಗರೇಟಿನ ವಾಸನೆ, ಮದುವೆಯಾದ ಮೊದಲ ವಾರದವರ ಜಗಳ, ಒಬ್ಬಂಟಿಯಾಗಿ ಬಂದವರ ಅಳು, ಎಲ್ಲವೂ ಆ ಮೂರು ತಾಸಿನಲ್ಲಿ ಮಾಯ. ಇದರಲ್ಲಿ ಅವಳದು ಎತ್ತಿದ ಕೈ. ಮನೆಯಲ್ಲೂ ಈ ಚಾಳಿ ಬಿಡಲಿಲ್ಲ. ಗಂಡ ದರ್ಜಿ, ಬಾಯಿ ಸ್ವಲ್ಪ ಜಾಸ್ತಿ. ಬೆಳಗಿನ ಜಾವ ನೀರು ಕುಡಿದು ಬರೋಣ ಅಂತ ಎದ್ದರೆ ವಾಪಸ್ ಬರುವಷ್ಟರಲ್ಲಿ ಹಾಸಿಗೆ ಮಡಿಸಿಟ್ಟಿರುತ್ತಾಳೆ, ನಾನು ನಿನ್ನೆ ರಾತ್ರಿ ಈ ಮನೆಯಲ್ಲಿ ಮಲಗಿದ್ದೆ ಅನ್ನೋದಕ್ಕೆ ಸಾಕ್ಷಿಯೇ ಇಲ್ಲ ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿ ನಗಿಸುತ್ತಿದ್ದ.

ಆಮೇಲೆ ಹೋಟೆಲು ಮುಚ್ಚಿತು. ನೂರು ವರ್ಷ ದಾಟಿದ ಕಟ್ಟಡ, ಕೆಡವಬಾರದೆಂದು ಸರ್ಕಾರದ ಕಾನೂನು ಇತ್ತು. ಯಾರೋ ಕೊಂಡರು, ಮೂರು ವರ್ಷ ಪರದೆ ಕಟ್ಟಿ ಒಳಗೆ ಕುಟ್ಟಿದರು, ಕೊನೆಗೆ ಶ್ರೀಮಂತರಿಗಾಗಿ ಇಪ್ಪತ್ತೆರಡು ಫ್ಲ್ಯಾಟು ಮಾಡಿ ಮಾರಿದರು. ಹಳೆಯ ಬೀಗದ ಕೈಗಳ ಮರದ ಗೂಡಿಗೆ ಗಾಜು ಹಾಕಿ ದೀಪ ಬಿಟ್ಟರು. ಅತಿಥಿಗಳು ಜೋಡಿ ಜೋಡಿಯಾಗಿ ಕುಣಿಯುತ್ತಿದ್ದ ದೊಡ್ಡ ಹಜಾರ ವ್ಯಾಯಾಮ ಶಾಲೆಯಾಯಿತು. ಈಗ ಅಲ್ಲಿ ಜನ ಯಂತ್ರದ ಮೇಲೆ ನಿಂತಲ್ಲೇ ಓಡುತ್ತಾರೆ, ಎಲ್ಲಿಗೂ ಹೋಗುವುದಿಲ್ಲ. ಕೆಲಸಕ್ಕೆ ಹಳಬರು ಕೆಲವರನ್ನು ಮತ್ತೆ ಕರೆದರು, ಅವರಲ್ಲಿ ಮಹಡಿಯಕ್ಕನೂ ಒಬ್ಬಳು. ಹೊಸ ಮ್ಯಾನೇಜರು ಅವಳಿಗೆ ನೆಲ ಒರೆಸುವುದು ಹೇಗೆ ಎಂದು ಎರಡು ದಿನ ತರಬೇತಿ ಕೊಟ್ಟ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ ಎಂದುಕೊಂಡು ಅವಳು ತೆಪ್ಪಗೆ ಕಲಿತಳು.

ಇನ್ನು ಮೇಲೆ ಇವು ರೂಮುಗಳಲ್ಲ, ಮನೆಗಳು ಎಂಬ ಒಂದು ಮಾತನ್ನು ಮಾತ್ರ ಆ ತರಬೇತಿಯಲ್ಲಿ ಯಾರೂ ಹೇಳಲಿಲ್ಲ.

ಮೂರು ರೂಮು ಸೇರಿಸಿದ ಆ ಫ್ಲ್ಯಾಟಿಗೆ ಬಂದವರು ವಯಸ್ಸಾದ ಗಂಡ ಹೆಂಡತಿ. ಗಂಡ ಮೂವತ್ತನಾಲ್ಕು ವರ್ಷ ಹಡಗಿನ ಎಂಜಿನ್ನು ನೋಡಿಕೊಂಡು ಆಗಷ್ಟೇ ನಿವೃತ್ತರಾದವರು, ಕಟ್ಟಡದಲ್ಲಿ ಎಲ್ಲರಿಗೂ ಹಡಗಿನ ಸಾಹೇಬರು. ಹೆಂಡತಿ ಸಣ್ಣ ಆಳಿನ, ನಗುಮುಖದ ಹೆಂಗಸು, ಮಹಡಿಯಕ್ಕನ ಬಾಯಲ್ಲಿ ಅಮ್ಮ. ಬೆಳಿಗ್ಗೆ ಎಂಟೂವರೆಗೆ ಸಾಹೇಬರು ಬಂದರಿನ ಕಡೆಗೆ ನಡೆದು ಹೋಗುವರು, ಬರುವುದು ಹತ್ತೂವರೆಗೆ. ಒಂಬತ್ತಕ್ಕೆ ಮಹಡಿಯಕ್ಕ ಗಂಟೆ ಒತ್ತುವಳು. ಒಂದೂವರೆ ತಾಸು ಮನೆಯಲ್ಲಿ ಹೆಂಗಸರಿಬ್ಬರೇ. ಅಮ್ಮ ಮಲಗುವ ಕೋಣೆಯ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಪುಸ್ತಕ ಹಿಡಿಯುವಳು, ಓದುವುದಕ್ಕಿಂತ ಮಾತೇ ಹೆಚ್ಚು.

ಇಷ್ಟು ಜಾಗ ಬಿಟ್ಟು ಈ ಹಳೇ ಹೋಟೆಲಿಗೇ ಯಾಕೆ ಬಂದಿರಿ ಎಂದು ಮಹಡಿಯಕ್ಕ ಒಮ್ಮೆ ಕೇಳಿದಳು. ಅಮ್ಮ ಹೇಳಿದ ಕಥೆ ಇಷ್ಟು. ಗಂಡನ ಹಡಗು ಈ ಊರಿನ ಬಂದರಿಗೆ ಬಂದಾಗಲೆಲ್ಲ ಆಕೆ ರೈಲು ಹತ್ತಿ ಬಂದು ಈ ಹೋಟೆಲಿನಲ್ಲಿ ಅವರ ಜೊತೆ ಇರುತ್ತಿದ್ದಳು. ಎರಡು ದಿನ, ಹೆಚ್ಚೆಂದರೆ ಮೂರು. ಕೊನೆಯ ದಿನ ಹನ್ನೊಂದಕ್ಕೆ ರೂಮು ಖಾಲಿ ಮಾಡಬೇಕು. ಅವರು ಹಡಗಿಗೆ, ಇವಳು ರೈಲಿಗೆ. ಗಂಡ ಇಡೀ ವರ್ಷದಲ್ಲಿ ಊರಿನ ಮನೆಯಲ್ಲಿರುತ್ತಿದ್ದುದೇ ಒಂದೂವರೆ ತಿಂಗಳು, ಅದರಲ್ಲಿ ಅರ್ಧ ನೆಂಟರ ಪಾಲು.

"ಲಿಫ್ಟ್ ಹತ್ರ ಹೋಗೋಷ್ಟರಲ್ಲೇ ಹಿಂದೆ ಬಕೆಟ್ ಸದ್ದು ಕೇಳ್ತಿತ್ತು ಕಣೇ. ನಾವಿದ್ದದ್ದನ್ನ ಆಗಲೇ ಒರೆಸ್ತಿದ್ದಾರೆ ಅನ್ನಿಸೋದು," ಅಂದಳು ಅಮ್ಮ. "ಆ ಬಕೆಟ್ಟು ನಿಂದೇ ಇರಬೇಕು. ಅದಕ್ಕೇ ಇಲ್ಲಿಗೇ ಬಂದೆ. ಒಂದ್ಸಲ ಹನ್ನೊಂದು ಗಂಟೆ ದಾಟಿಸಿ ಕೂರ್ಬೇಕು ಅಂತ."

ಇಬ್ಬರೂ ನಕ್ಕರು. ನಿಜ ಹೇಳಬೇಕೆಂದರೆ ಮಹಡಿಯಕ್ಕನಿಗೆ ಆ ದಂಪತಿಗಳ ನೆನಪೇ ಇರಲಿಲ್ಲ. ಸಾವಿರಾರು ಜನರ ಹಾಸಿಗೆ ಹಾಸಿದವಳಿಗೆ ಮುಖಗಳು ಎಲ್ಲಿ ನೆನಪಿರುತ್ತವೆ? ಆದರೂ ಅಂದಿನಿಂದ ಹನ್ನೊಂದು ಹೊಡೆದಾಗ ಅವಳು ಆ ಮನೆಯಲ್ಲಿದ್ದರೆ ಅಮ್ಮನ ಕಡೆ ನೋಡುವಳು, ಅಮ್ಮ ರಾಣಿಯ ಹಾಗೆ ಕಾಲು ಚಾಚುವಳು.

ಹಾಗೆ ಎಂಟು ತಿಂಗಳು ನಡೆಯಿತು. ಒಂದು ಬೆಳಿಗ್ಗೆ ತಿಂಡಿಗೆ ಮೊದಲೇ ಅಮ್ಮನಿಗೆ ಎದೆ ನೋವು ಬಂತು. ಆಸ್ಪತ್ರೆಗೆ ಕರೆದೊಯ್ದರು. ಎರಡನೇ ದಿನ ಆಕೆ ಹೋಗಿಬಿಟ್ಟಳು.

ಬೇರೆ ಊರಿನಲ್ಲಿದ್ದ ಮಗಳು ಬಂದು ಎಲ್ಲ ಮುಗಿಸಿ ಅಪ್ಪನನ್ನು ಹದಿನೈದು ದಿನದ ಮಟ್ಟಿಗೆ ತನ್ನ ಮನೆಗೆ ಕರೆದುಕೊಂಡು ಹೊರಟಳು. ಹೋಗುವಾಗ ಬೀಗದ ಕೈಯನ್ನು ಮಹಡಿಯಕ್ಕನ ಕೈಗಿಟ್ಟು, ಅಪ್ಪ ಬರುವ ಹೊತ್ತಿಗೆ ಮನೆ ಸ್ವಲ್ಪ ಚೊಕ್ಕ ಮಾಡಿಡಿ ಅಂದಳು. ಆ ಹುಡುಗಿಯ ತಪ್ಪೇನೂ ಇಲ್ಲ, ಅತ್ತು ಅತ್ತು ಕಣ್ಣೇ ಕಾಣದಾಗಿತ್ತು ಅವಳಿಗೆ. ಮಹಡಿಯಕ್ಕ ತಲೆಯಾಡಿಸಿದಳು. ಅಮ್ಮನಿಗಾಗಿ ತಾನು ಮಾಡಬಹುದಾದದ್ದು ಇದೊಂದೇ, ಕೈಯಲ್ಲಿರುವ ವಿದ್ಯೆಯನ್ನೆಲ್ಲ ಸುರಿದು ಮಾಡುತ್ತೇನೆ ಎಂದುಕೊಂಡಳು.

ಮಾಡಿದಳು. ಮೂರು ದಿನ ಮಾಡಿದಳು. ಚಾದರ, ಹೊದಿಕೆ, ದಿಂಬಿನ ಕವರುಗಳನ್ನೆಲ್ಲ ಕುದಿಯುವ ನೀರಿನಲ್ಲಿ ಹಾಕಿ ತೆಗೆದಳು. ಹಾಸಿಗೆಯ ಕುಳಿ ಹೋಗಲೆಂದು ಅದನ್ನು ತಿರುವಿ ಹಾಕಿದಳು. ಕಿಟಕಿಯ ಗಾಜಿನ ಮೇಲೆ ಎದೆಯೆತ್ತರಕ್ಕೆ ಒಂದು ಅಂಗೈಯ ಅಚ್ಚಿತ್ತು. ಗಂಡ ರಸ್ತೆ ದಾಟುವುದನ್ನು ನೋಡಲು ಅಮ್ಮ ದಿನವೂ ಕೈಯೂರುತ್ತಿದ್ದ ಜಾಗ ಅದು, ಅಮ್ಮನೇ ಒಮ್ಮೆ ಹೇಳಿದ್ದಳು. ವಿನಿಗರ್ ಹಚ್ಚಿ ಪೇಪರಿನಿಂದ ಉಜ್ಜಿದಳು, ಗಾಜು ಇದೆಯೋ ಇಲ್ಲವೋ ತಿಳಿಯದಷ್ಟು ತಿಳಿಯಾಯಿತು. ಓರೆಯಾಗಿದ್ದ ಕುರ್ಚಿಯನ್ನು ಗೋಡೆಗೆ ಸೇರಿಸಿದಳು. ಮಂಚದ ಪಕ್ಕ ಕವುಚಿಟ್ಟಿದ್ದ ಪುಸ್ತಕ, ಅದರ ಮೇಲಿನ ಕನ್ನಡಕ, ಬೇಸಿನ್ನಿನ ಅಂಚಿನ ಹೇರ್‌ಪಿನ್ನುಗಳು, ಅಡುಗೆಮನೆಯಲ್ಲಿ ಅಂಟಿಸಿದ್ದ ಸಾಮಾನಿನ ಚೀಟಿ, ಎಲ್ಲವನ್ನೂ ಒಂದು ಬಟ್ಟೆ ಚೀಲಕ್ಕೆ ಹಾಕಿದಳು.

ತಪ್ಪು ನಡೆದದ್ದು ಇಲ್ಲಿ. ಹೋಟೆಲಿನಲ್ಲಿ ಹೋದವರು ಬಿಟ್ಟ ವಸ್ತುವಿಗೆಲ್ಲ ಒಂದು ರಟ್ಟಿನ ಚೀಟಿ ಕಟ್ಟಿ ಆರು ತಿಂಗಳು ಇಡುವುದು ಪದ್ಧತಿ. ಆ ಹಳೇ ಚೀಟಿಗಳ ಒಂದು ಕಟ್ಟು ಅವಳ ಏಪ್ರನ್ನಿನ ಜೇಬಿನಲ್ಲಿ ಇನ್ನೂ ಇತ್ತು. ತಲೆಯನ್ನು ಕೇಳದೆ ಕೈ ಒಂದನ್ನು ಎಳೆದು ಚೀಲದ ಕುತ್ತಿಗೆಗೆ ಕಟ್ಟಿತು, ತಾರೀಖು ಬರೆಯಿತು, ಫ್ಲ್ಯಾಟಿನ ನಂಬರಿನ ಬದಲು ಹಳೇ ರೂಮಿನ ನಂಬರನ್ನೇ ಬರೆಯಿತು. ಚೀಲವನ್ನು ಬೀರುವಿನ ಕೆಳಗಿನ ಅರೆಯಲ್ಲಿಟ್ಟು, ಬಾಗಿಲಲ್ಲಿ ನಿಂತು ಮನೆಯನ್ನೆಲ್ಲ ಒಮ್ಮೆ ನೋಡಿದಳು. ದೊಡ್ಡಮ್ಮ ಬದುಕಿದ್ದರೆ ಬೆನ್ನು ತಟ್ಟುತ್ತಿದ್ದಳು, ಸಂಶಯವಿಲ್ಲ.

ಸಾಹೇಬರು ಬಂದದ್ದು ಮಧ್ಯಾಹ್ನ ನಾಲ್ಕಕ್ಕೆ. ಬಾಗಿಲು ತೆರೆದವಳು ಮಹಡಿಯಕ್ಕನೇ. ಅವರ ಮುಖ ಸ್ವಲ್ಪ ಸಡಿಲವಾಗುವುದನ್ನು ನೋಡಬೇಕೆಂಬ ಆಸೆ ಅವಳಿಗೆ. ಅವರು ಹಾಲಿನಲ್ಲಿ ನಿಂತರು. ಮಲಗುವ ಕೋಣೆಗೆ ಹೋದರು, ಅಡುಗೆಮನೆಗೆ ಹೋದರು, ಮತ್ತೆ ಮಲಗುವ ಕೋಣೆಗೆ ಬಂದರು. ಏನೋ ಹುಡುಕುವವರ ಹಾಗೆ ದಿಂಬನ್ನೆತ್ತಿ ಮುಖದ ಹತ್ತಿರ ಹಿಡಿದು ಕೆಳಗಿಟ್ಟರು. ಆಮೇಲೆ, ಅವಳ ಕನ್ನಡಕ ಎಲ್ಲಿ ಎಂದು ಕೇಳಿದರು.

ಮಹಡಿಯಕ್ಕ ಬೀರು ತೆರೆದು ಚೀಲ ತಂದುಕೊಟ್ಟಳು. ಅವರು ಚೀಲ ಬಿಚ್ಚಲಿಲ್ಲ, ಚೀಟಿಯನ್ನು ಓದುತ್ತಾ ನಿಂತರು. ಅಚ್ಚು ಹಾಕಿದ ಅಕ್ಷರದಲ್ಲಿ ಮೇಲ್ಗಡೆ 'ಅತಿಥಿಗಳು ಮರೆತು ಹೋದದ್ದು' ಎಂದಿತ್ತು. ಮಹಡಿಯಕ್ಕ ಆ ಸಾಲನ್ನು ಎಷ್ಟು ಸಾವಿರ ಸಲ ನೋಡಿದ್ದಳೋ, ಓದಿದ್ದು ಅವತ್ತೇ ಮೊದಲು.

"ನಮ್ಮಿಬ್ಬರದೇ ಅಂತ ಒಂದು ಮನೆ ಇದ್ದದ್ದು ಇದೇ ಎಂಟು ತಿಂಗಳು," ಅಂದರು ಸಾಹೇಬರು, ದನಿ ಏರಿಸದೆ. "ನೀವು ಅದನ್ನ ಮತ್ತೆ ರೂಮು ಮಾಡಿಟ್ರಿ. ನಾನು ಯಾರ ಹತ್ರನೂ ದೂರು ಹೇಳಲ್ಲ. ಆದರೆ ನಾಳೆಯಿಂದ ನೀವು ಇಲ್ಲಿಗೆ ಬರೋದು ಬೇಡ."

ಬೈದಿದ್ದರೆ ಚೆನ್ನಾಗಿತ್ತು. ಬೈಗುಳ ತಿಂದು ಜೀರ್ಣಿಸಿಕೊಳ್ಳುವುದು ಆ ಕೆಲಸದಲ್ಲಿ ಯಾರಿಗೂ ಹೊಸದಲ್ಲ. ಇದು ಜೀರ್ಣವಾಗಲಿಲ್ಲ. ಮನೆಗೆ ಬಂದವಳು ಚಪ್ಪಲಿ ಬಿಡದೆ ಗಂಡನ ಹೊಲಿಗೆ ಯಂತ್ರದ ಪಕ್ಕ ಕೂತುಬಿಟ್ಟಳು. ಕೆಲಸದ ಚಿಂತೆಯಲ್ಲ ಅವಳದು, ಇನ್ನೂ ಇಪ್ಪತ್ತೊಂದು ಫ್ಲ್ಯಾಟಿದ್ದವು. ಹನ್ನೊಂದು ಗಂಟೆ ದಾಟಿಸಿ ಕೂರಬೇಕೆಂದು ಬಂದವಳನ್ನು ತಾನೇ ಬಕೆಟ್ಟು ಹಿಡಿದು ಖಾಲಿ ಮಾಡಿಸಿದೆನಲ್ಲ ಎಂಬುದು ಅವಳನ್ನು ಸುಡುತ್ತಿತ್ತು. ಆ ಗಾಜಿನ ಮೇಲಿನ ಅಂಗೈಯನ್ನು ಎಷ್ಟು ಅಕ್ಕರೆಯಿಂದ ಉಜ್ಜಿದ್ದಳು! ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ದರ್ಜಿ ಅವತ್ತು ತಮಾಷೆ ಮಾಡಲಿಲ್ಲ. ಎಲ್ಲ ಕೇಳಿಸಿಕೊಂಡು, ಬಾಯಲ್ಲಿದ್ದ ಗುಂಡುಸೂಜಿ ತೆಗೆದಿಟ್ಟು, ಹರಿದ ಬಟ್ಟೆಯನ್ನು ನೋಡಿಕೊಂಡು ಅತ್ತರೆ ಹೊಲಿದಂತಾಗುತ್ತದೆಯೇ ಎಂದು ಕೇಳಿದ. ಎಲ್ಲಿ ಏನಿತ್ತು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಹೋಗಿ ಇದ್ದ ಹಾಗೇ ಇಟ್ಟು ಬಾ ಅಂದ.

ಅದು ನಿಜವಾಗಿತ್ತು. ಎರಡು ಮೂರು ದಿನ ಉಳಿಯುವ ಅತಿಥಿಯ ರೂಮಿನಲ್ಲಿ ಧೂಳು ಹೊಡೆದು ಪ್ರತಿಯೊಂದು ವಸ್ತುವನ್ನೂ ಮೊದಲಿದ್ದ ಜಾಗಕ್ಕೇ, ಮೊದಲಿದ್ದ ಓರೆಗೇ ಇಡಬೇಕು. ಯಾರೋ ಮುಟ್ಟಿದ್ದಾರೆ ಎಂದು ಅವರಿಗೆ ಅನ್ನಿಸಕೂಡದು. ಅವಳ ಕಣ್ಣು ಮೊದಲು ಅಳತೆ ತೆಗೆದುಕೊಂಡೇ ಕೈಯನ್ನು ಕೆಲಸಕ್ಕೆ ಬಿಡುತ್ತಿತ್ತು.

ಮರುದಿನ ಒಂಬತ್ತಕ್ಕೆ ಗಂಟೆ ಒತ್ತಿದಳು. ಸಾಹೇಬರು ನಡೆಯಲು ಹೋಗಿರಲಿಲ್ಲ, ಗಡ್ಡ ಹೆರೆದಿರಲಿಲ್ಲ. ಬೇಡ ಅಂದಿದ್ದೆನಲ್ಲ ಅಂದರು. ಒಂದು ತಾಸು ಕೊಡಿ ಸಾರ್, ಆಮೇಲೆ ಈ ಬಾಗಿಲ ಮುಂದೆ ಹಾದೂ ಹೋಗುವುದಿಲ್ಲ ಎಂದು ಅವಳು ಬೇಡಿಕೊಂಡಳು. ಅವರು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಒಪ್ಪಿಗೆಯಿಂದಲ್ಲ, ವಾದ ಮಾಡುವ ಶಕ್ತಿ ಇಲ್ಲದೆ.

ಅವಳು ಮೊದಲು ಆ ರಟ್ಟಿನ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡಳು. ಚೀಲದಿಂದ ಪುಸ್ತಕ ತೆಗೆದಳು. ಅತಿಥಿಯ ಪುಸ್ತಕವನ್ನು ಗುರುತಿಡದೆ ಮುಚ್ಚಬಾರದು ಎಂಬುದೂ ಹಳೇ ಪಾಠ, ಹಾಗಾಗಿ ತೆರೆದಿದ್ದ ಪುಟದಲ್ಲಿ ಒಂದು ಕಾಗದದ ಚೂರು ಇತ್ತು. ಆ ಪುಟಕ್ಕೇ ಬಿಡಿಸಿ ಕವುಚಿಟ್ಟಳು, ಮಂಚದ ಪಕ್ಕದ ಮೇಜಿನ ಅಂಚಿಗೆ ನಾಲ್ಕು ಬೆರಳು ಬಿಟ್ಟು. ಮೇಲೆ ಕನ್ನಡಕ, ಒಂದು ಕಡ್ಡಿ ಮಡಿಸಿ ಒಂದು ಕಡ್ಡಿ ಚಾಚಿ. ಬೇಸಿನ್ನಿನ ಅಂಚಿಗೆ ಮೂರು ಹೇರ್‌ಪಿನ್ನು, ಸೋಪಿನ ತಟ್ಟೆಯಲ್ಲಿ ಒಂದು. ಅಡುಗೆಮನೆಯಲ್ಲಿ ಸಾಮಾನಿನ ಚೀಟಿ, ಬಲಕ್ಕೆ ಸ್ವಲ್ಪ ವಾಲಿಸಿ. ಕೊನೆಗೆ ಗೋಡೆಗೆ ಸೇರಿಸಿದ್ದ ಕುರ್ಚಿಯನ್ನು ಎಳೆದು ಕಿಟಕಿಯ ಹತ್ತಿರ ಓರೆಯಾಗಿ, ಓಡಾಡುವವರ ಮೊಣಕಾಲಿಗೆ ತಗಲುವ ಹಾಗೆಯೇ ಇಟ್ಟಳು. ಎಂಟು ತಿಂಗಳು ದಿನವೂ ಅದಕ್ಕೆ ತಗಲಿಸಿಕೊಂಡು ಅವಳ ಎಡ ಮೊಣಕಾಲಲ್ಲಿ ಒಂದು ನೀಲಿ ಗುರುತೇ ಉಳಿದಿತ್ತು.

ಸಾಹೇಬರು ಅವಳ ಹಿಂದೆಯೇ ಒಂದೊಂದು ಕೋಣೆಗೂ ಬಂದು ನೋಡುತ್ತಿದ್ದರು. ಕುರ್ಚಿಯನ್ನು ಕಂಡದ್ದೇ ಅದರ ಬೆನ್ನ ಮೇಲೆ ಕೈಯಿಟ್ಟರು.

"ಇಷ್ಟೇ ಸಾರ್ ನನ್ನ ಕೈಲಾಗೋದು," ಅಂದಳು ಮಹಡಿಯಕ್ಕ. "ದಿಂಬು ಒಗೆದುಬಿಟ್ಟೆ. ಈ ಗಾಜಿನ ಮೇಲೆ ಅಮ್ಮನ ಅಂಗೈ ಗುರುತಿತ್ತು, ನೀವು ರಸ್ತೆ ದಾಟೋವರೆಗೂ ಇಲ್ಲೇ ಕೈಯಿಟ್ಟು ನೋಡೋರು. ಅದನ್ನೂ ಒರೆಸಿಬಿಟ್ಟೆ. ಅವೆರಡನ್ನ ನಾನು ಎಲ್ಲಿಂದ ತರಲಿ?"

ಅವರಿಗೆ ಆ ಅಂಗೈಯ ವಿಷಯ ಗೊತ್ತೇ ಇರಲಿಲ್ಲ. ಒಮ್ಮೆಯೂ ತಿರುಗಿ ಮೇಲೆ ನೋಡಿದವರಲ್ಲ ಅವರು. ಅಲ್ಲೇ ಮಂಚದ ಅಂಚಿಗೆ ಕುಸಿದು ಕೂತರು. ಮೂವತ್ತನಾಲ್ಕು ವರ್ಷ ಹಡಗಿನಲ್ಲಿ ಕಳೆದೆ, ಕೊನೆಗೂ ಜೊತೆಗಿದ್ದ ಎಂಟು ತಿಂಗಳಲ್ಲೂ ದಿನಾ ಬೆಳಿಗ್ಗೆ ಬೇರೆಯವರ ಹಡಗು ನೋಡಲು ಹೋದೆ, ಅವಳು ಆ ಹೊತ್ತಲ್ಲಿ ಏನು ಮಾಡುತ್ತಿದ್ದಳು ಅಂತ ಒಂದು ದಿನ ಕೇಳಲಿಲ್ಲ ಎಂದು ತಮಗೆ ತಾವೇ ಅಂದುಕೊಳ್ಳುವವರಂತೆ ಹೇಳಿದರು. ಒಂಟಿಯಾಗಿದ್ದು ಒಂಟಿಯಾಗಿಯೇ ಹೋದಳು ಅಂದರು.

ಮಹಡಿಯಕ್ಕನಿಗೆ ತಡೆಯಲಾಗಲಿಲ್ಲ. ರೂಮಿನಲ್ಲಿ ಕಂಡದ್ದನ್ನು ಬಾಯಿ ಬಿಟ್ಟು ಹೇಳಿದವಳನ್ನು ಹೋಟೆಲಿನವರು ಅದೇ ದಿನ ಮನೆಗೆ ಕಳಿಸುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಅವಳು ಅಂಥ ಒಂದು ಮಾತನ್ನೂ ಆಡಿರಲಿಲ್ಲ, ಗಂಡನ ಹತ್ತಿರ ಕೂಡ. ಹೇಗೂ ತನ್ನನ್ನು ಕಳಿಸಿಯಾಗಿದೆಯಲ್ಲ ಎಂದುಕೊಂಡಳೋ ಏನೋ.

"ಒಂಟಿಯಾಗಿರಲಿಲ್ಲ ಸಾರ್," ಅಂದಳು. "ಹಾಸಿಗೆ ಹಾಸೋರಿಗೆ ಗೊತ್ತಾಗುತ್ತೆ. ದಿನಾ ನಾನು ಬಂದಾಗ ಅಮ್ಮನ ಕಡೆ ತಣ್ಣಗಿರೋದು. ನಿಮ್ಮ ಕಡೆ ಬೆಚ್ಚಗಿರೋದು. ನಿಮ್ಮ ದಿಂಬಿನ ಮೇಲೆ ಅಮ್ಮನ ಉದ್ದನೇ ಬಿಳೀ ಕೂದಲು. ನೀವು ಆ ಕಡೆ ಹೋಗ್ತಿದ್ದ ಹಾಗೇ ಅಮ್ಮ ಬಂದು ನಿಮ್ಮ ಜಾಗದಲ್ಲಿ ಮಲಗೋರು."

ಸಾಹೇಬರು ತಲೆಯೆತ್ತಿದರು.

"ಒಂದಿನ ನಾನು ಬೇಗ ಬಂದೆ, ಬಾಗಿಲು ಹಾಕಿರಲಿಲ್ಲ, ಸಿಕ್ಕಿಹಾಕ್ಕೊಂಡ್ರು. ಚಿಕ್ಕ ಹುಡುಗಿ ಥರ ನಾಚ್ಕೊಂಡ್ರು. 'ಅವರು ಹಡಗಲ್ಲಿದ್ದಾಗ ಅವರ ಕಡೆ ಮಲಗಿ ಮಲಗಿ ಅಭ್ಯಾಸ ಆಗಿಹೋಗಿದೆ ಕಣೇ. ಈಗ ಅವರೇ ಬಂದು ಮಲಗಿದ್ದಾರೆ, ನಂಗೆ ಜಾಗವೇ ಸಿಗಲ್ಲ. ಅದಕ್ಕೇ ವಾಕಿಂಗ್ ಹೋಗೋದನ್ನೇ ಕಾಯ್ತಿರ್ತೀನಿ. ಅವರಿಗೆ ಹೇಳಬೇಡ, ಹೇಳಿದರೆ ವಾಕಿಂಗ್ ಬಿಟ್ಟು ಮನೇಲೇ ಕೂತುಬಿಡ್ತಾರೆ' ಅಂದ್ರು."

ಸಾಹೇಬರು ನಕ್ಕರು. ನಗು ಅರ್ಧಕ್ಕೆ ಬಂದು ಮುರಿಯಿತು, ಭುಜಗಳು ಕುಲುಕಿದವು, ಆ ದೊಡ್ಡ ಮನುಷ್ಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟರು. ಆಸ್ಪತ್ರೆಯಲ್ಲಾಗಲಿ ಆಮೇಲಾಗಲಿ ಅವರು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಮಹಡಿಯಕ್ಕನೂ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಅಡುಗೆಮನೆಗೆ ಹೋಗಿ ಎರಡು ಲೋಟ ಚಹಾ ಮಾಡಿ ತಂದಳು, ಇಷ್ಟು ವರ್ಷದ ಕೆಲಸದಲ್ಲಿ ಮೊದಲ ಸಲ ಅತಿಥಿಯ ಎದುರಿಗೆ ಕೂತು ಕುಡಿದಳು. ಹೊರಡುವಾಗ ಅವರು, ನಾಳೆ ಎಂದಿನ ಹೊತ್ತಿಗೇ ಬನ್ನಿ ಅಂದರು.

ಮರುದಿನ ಒಂಬತ್ತಕ್ಕೆ ಗಂಟೆ ಒತ್ತಿದರೆ ಯಾರೂ ಬಾಗಿಲು ತೆರೆಯಲಿಲ್ಲ. ಸಾಹೇಬರು ನಡೆಯಲು ಹೋಗಿದ್ದಾರೆ ಎಂದು ಕೆಳಗಿನ ಕಾವಲಿನವನು ಹೇಳಿದ. ಅವಳು ಮಗಳು ಕೊಟ್ಟಿದ್ದ ಬೀಗದ ಕೈಯಿಂದ ಒಳಗೆ ಬಂದಳು. ಅಡುಗೆಮನೆ ಒರೆಸಿದಳು, ಬಚ್ಚಲು ತೊಳೆದಳು, ಪಿನ್ನುಗಳನ್ನು ಎತ್ತಿ ಒರೆಸಿ ಮತ್ತೆ ಅಲ್ಲೇ ಇಟ್ಟಳು. ಹಾಸಿಗೆ ಹಾಸಲೆಂದು ಮಲಗುವ ಕೋಣೆಗೆ ಬಂದವಳು ಬಾಗಿಲಲ್ಲೇ ನಿಂತಳು.

ಸಾಹೇಬರು ಮಲಗುತ್ತಿದ್ದ ಕಡೆ ಚಾದರ ಒಂದು ಸುಕ್ಕೂ ಇಲ್ಲದೆ, ಹಿಂದಿನ ದಿನ ಹೊರಡುವ ಮುಂಚೆ ಅವಳು ಬಿಗಿದ ಹಾಗೇ ಇತ್ತು. ಹೊದಿಕೆಯನ್ನು ಮಾತ್ರ ಅರ್ಧ ಮಡಿಸಿಟ್ಟಿದ್ದರು, ಯಾರಾದರೂ ಬಂದು ಒಳಗೆ ಸೇರಿಕೊಳ್ಳಲು ಅನುಕೂಲವಾಗುವಂತೆ. ಕುಳಿ ಬಿದ್ದದ್ದು ಅಮ್ಮನ ಕಡೆ. ಅವರು ರಾತ್ರಿಯೆಲ್ಲ ಅಲ್ಲಿ ಗೋಡೆಗೆ ಒತ್ತಿಕೊಂಡು ಮಲಗಿ, ತಮ್ಮ ಜಾಗವನ್ನು ಆಕೆಗೆ ಬಿಟ್ಟುಕೊಟ್ಟಿದ್ದರು.

ಮಹಡಿಯಕ್ಕ ಅಂದು ಆ ಹಾಸಿಗೆಯನ್ನು ಮುಟ್ಟಲಿಲ್ಲ.